ವಗೈರಾ ಅಂತ ಬರೆದ ಮಾತು

ಸಾವ್ಕಾರ ಶಿವಯೋಗಪ್ಪ ಆ ಐದು ಮಾತು ಅಂದಿದ್ದು ಒಂದೇ ಸಲ. ಅದ್ರಲ್ಲಿ ನಾಲ್ಕನ್ನ ನಾನು ಎಂಟು ಸಲ ಅಂದೆ. ಅರ್ಜಿ ಬರೆಯೋನ ಮುಂದೆ ಅಂದೆ. ಟೇಷನ್ನಲ್ಲಿ ರೈಟರ್ ಮುಂದೆ, ಎಸ್.ಐ. ಮುಂದೆ ಅಂದೆ. ಜೀಪಲ್ಲಿ ಬಂದ ದೊಡ್ಡ ಸಾಹೇಬ್ರ ಮುಂದೆ ಅಂದೆ. ಮಿಲ್ಲಿನ ಗೇಟ್ ಹತ್ರ ಪಂಚನಾಮೆ ಬರ್ಕೊಳೋವಾಗ ಅಂದೆ. ಸರ್ಕಾರಿ ವಕೀಲ್ರ ಮುಂದೆ ಎರಡು ಸಲ ಅಂದೆ, ಯಾಕಂದ್ರೆ ಮೊದಲ್ನೇ ಸಲ ಅವರು ಅರ್ಧಕ್ಕೇ ಕಾಫಿ ಕುಡಿಯೋಕೆ ಎದ್ದೋದ್ರು. ಆಮೇಲೆ ಕೋರ್ಟಲ್ಲಿ ಅಂದೆ. ಬೈದೋನಿಗೆ ಒಂದು ಸಲ, ಬೈಸ್ಕೊಂಡೋಳಿಗೆ ಎಂಟು ಸಲ. ಇದಕ್ಕೆ ಕಾನೂನು ಅಂತಾರೆ.

ಐದನೇ ಮಾತು ಮಾತ್ರ ನನ್ನ ಬಾಯಿಂದ ಒಂದೇ ಸಲ ಬಂದಿದ್ದು. ಅದನ್ನ ಅದರ ಜಾಗ ಬಂದಾಗ ಹೇಳ್ತೀನಿ.

ನನ್ನ ಹೆಸರು ಓಬಕ್ಕ. ಮಾದಿಗರ ಕೇರಿಯೋಳು. ನಮ್ಮವ್ವ ಮಾರೆಕ್ಕ ಸೂಲಗಿತ್ತಿ. ಸುತ್ತ ನಾಲ್ಕೂರಲ್ಲಿ ಯಾವ ಜಾತಿ ಹೆಂಗಸಿಗೆ ನೋವು ಬಂದ್ರೂ ಅವ್ಳನ್ನೇ ಕರೀತಿದ್ರು. ಕೂಸು ಆಚೆ ಬರೋವರ್ಗೂ ಒಳಗೆ, ಬಂದ ಮ್ಯಾಲೆ ಆಚೆ. ಹಂಗೆ ಶಿವಯೋಗಪ್ಪನ ಮನೆಗೂ ಹೋಗಿ, ಅವನ ಹೊಕ್ಕುಳ ಬಳ್ಳಿ ಕೊಯ್ದು, ಅವನಿಗೆ ಮೊದಲ್ನೇ ನೀರು ಹುಯ್ದೋಳು ನಮ್ಮವ್ವನೇ. ಅವ್ಳು ಸತ್ತು ಆರು ವರ್ಷ ಆಗಿತ್ತು. ಇದು ಎಂಬತ್ತೈದನೇ ಇಸವಿ ಮಾತು.

ಬ್ರಹ್ಮಸಮುದ್ರದಿಂದ ಕಲ್ಯಾಣದುರ್ಗಕ್ಕೆ ಬಸ್ಸು ಹೋಯ್ತದಲ್ಲ, ಆ ರೋಡಿನ ಮ್ಯಾಲೆ ಶಿವಯೋಗಪ್ಪನ ಕಡ್ಲೆಕಾಯಿ ಮಿಲ್ಲು. ಗಡಿಯಾಚೆ ಊರು, ಮನೇಲಿ ಕನ್ನಡ, ಸರ್ಕಾರದ ಕಾಗದವೆಲ್ಲಾ ತೆಲುಗು. ಕಾಯಿಗೆ ನೀರು ಚಿಮುಕ್ಸಿ ಮಿಷಿನ್ನಿಗೆ ಸುರೀತಾರೆ. ಹೊಟ್ಟು ಒಂದು ಕಡೆ ಹಾರ್ತದೆ, ಬೀಜ ಒಂದು ಕಡೆ ಬೀಳ್ತದೆ. ಆ ಬೀಜದ ಮುಂದೆ ನಾವು ನಲವತ್ತು ಹೆಂಗಸ್ರು ಕಾಲು ಚಾಚ್ಕೊಂಡು ಕೂತು, ಒಡಕಲು, ಮುರುಟು, ಕಲ್ಲು ಬೇರೆ ಮಾಡೋದು. ಬೆಳಿಗ್ಗೆ ಎಂಟಕ್ಕೆ ಕೂತ್ರೆ ಹೊತ್ತು ಇಳಿಯೋವರ್ಗೂ. ಬೆನ್ನು ಇದ್ದೂ ಇಲ್ದಂಗೆ ಆಯ್ತದೆ. ಉಗುಳಿದ್ರೆ ಉಗುಳು ಕೆಂಪಗೆ ಬತ್ತದೆ. ರಕ್ತ ಅಲ್ಲ, ಬೀಜದ ಸಿಪ್ಪೆ ಧೂಳು. ಹೊಸಬರು ಹೆದರ್ಕೊಂಡು ಅಳ್ತಿದ್ರು.

ರಾಶಿ ಮುಗಿಸಿದೋರನ್ನ ಶಿವಯೋಗಪ್ಪ ತೂಕಕ್ಕೆ ಕರೀತಿದ್ದ. ಊರೊಳಗಿನ ಹೆಂಗಸ್ರನ್ನ ಹೆಸರು ಹಿಡಿದು ಕರೀತಿದ್ದ. ನಮ್ಮ ಕೇರಿಯೋರು ಆರು ಜನ. ಆರು ಜನಕ್ಕೂ ಆರು ಬೈಗುಳ. ಗುರುತು ತಪ್ಪಬಾರ್ದು ನೋಡಿ, ಅದಕ್ಕೆ ಬೇರೆ ಬೇರೆ ಇಟ್ಟಿದ್ದ. ಉಡುಸಲಮ್ಮಕ್ಕ ಒಂದು ಕಾಲು ಎಳೀತಾಳೆ, ಅವ್ಳಿಗೆ ಕುಂಟ್ ಕತ್ತೆ. ನನಗೆ ಬೋಸುಡಿ. ಒಬ್ಬಳಿಗೆ ಇಟ್ಟಿದ್ದು ಇನ್ನೊಬ್ಬಳಿಗೆ ಕರೀತಿರ್ಲಿಲ್ಲ, ಅಷ್ಟು ನಿಯತ್ತು. ಹನ್ನೊಂದು ವರ್ಷ ನಾನು ಆ ಹೆಸರಿಗೆ ಓಗೊಟ್ಟೆ. ಸುಳ್ಳು ಯಾಕೆ ಹೇಳ್ಲಿ, ಬೇಗ ಬೇಗನೇ ಎದ್ದು ಹೋಯ್ತಿದ್ದೆ.

ಒಂದಿನ ನನ್ನ ಮಗಳು ಚೌಡಿ ಮಧ್ಯಾಹ್ನ ಮುದ್ದೆ ತಂದ್ಳು. ಏಳು ವರ್ಷದೋಳು. ನಾನು ಬಾಗಿ ಕಲ್ಲು ಆರಿಸ್ತಿದ್ದೆ, ಮಿಷಿನ್ ಸದ್ದಿಗೆ ಕಿವಿ ಕೇಳಿಸ್ತಿರ್ಲಿಲ್ಲ. ಮಗಳು ನನ್ನ ಭುಜ ಅಲ್ಲಾಡಿಸಿದ್ಳು.

"ಅವ್ವಾ, ನಿನ್ನ ಕರೀತಾವ್ರೆ."

"ಏನಂತ ಕರೆದ್ರೇ?"

ಅವ್ಳು ಹೇಳಿದ್ಳು. ನಗಲಿಲ್ಲ, ನಾಚಿಕೊಳ್ಳಲಿಲ್ಲ. ಇಸ್ಕೂಲಲ್ಲಿ ಮೇಷ್ಟ್ರು ಹಾಜರಿ ಕರೆಯೋವಾಗ ಹೇಳ್ತಾರಲ್ಲ, ಹಂಗೆ ಹೇಳಿದ್ಳು. ಅವ್ಳು ಅದನ್ನ ನನ್ನ ಹೆಸರು ಅಂತಲೇ ತಿಳ್ಕೊಂಡಿದ್ಳು. ಮನೇಲೊಂದು ಹೆಸರು, ಮಿಲ್ಲಲ್ಲೊಂದು ಹೆಸರು. ಆ ಮುದ್ದೆ ಅವ್ಳಿಗೇ ತಿನ್ನಿಸಿ ಕಳಿಸ್ದೆ.

ಮಾರನೇ ದಿನ ರಾಶಿ ಮುಗಿಸಿ ಕೂತಿದ್ದೆ. ಶಿವಯೋಗಪ್ಪ ಕರೆದ. ಏಳಲಿಲ್ಲ. ಇನ್ನೊಂದು ಸಲ ಕರೆದ. ಉಡುಸಲಮ್ಮಕ್ಕ ಮೊಣಕೈಲಿ ತಿವಿದ್ಳು.

"ಏ ಓಬಿ, ಕಿವಿ ಸತ್ತೋದ್ವೇನೇ?"

"ನನ್ನ ಕರೀಲಿಲ್ಲ ಬಿಡಕ್ಕ."

ಮೂರನೇ ಸಲ ಅವನೇ ಎದ್ದು ಬಂದ. ನಾನು ಬೆಳಿಗ್ಗೆಯಿಂದ ಆರಿಸಿದ್ದ ಬೀಜದ ಮ್ಯಾಲೆ ಚಪ್ಪಲಿ ಕಾಲಲ್ಲಿ ನಿಂತ್ಕೊಂಡ.

"ಕರೆದಿದ್ದು ಕೇಳಿಸ್ಲಿಲ್ವೇನೇ?"

"ಕೇಳಿಸ್ತು ಸಾವ್ಕಾರ್ರೆ. ಯಾರ್ನೋ ಕರೀತಿದ್ರಿ. ನನ್ನ ಹೆಸರು ಓಬಕ್ಕ. ಹಂಗೆ ಕರೀರಿ, ಬತ್ತೀನಿ."

ಅದೇ ಹೊತ್ತಿಗೆ ಕರೆಂಟು ಹೋಯ್ತು. ಮಿಷಿನ್ ನಿಂತ್ಕೊಂಡ್ತು. ಮಿಲ್ಲೆಲ್ಲಾ ಗಪ್‌ಚಿಪ್. ಅದಕ್ಕೇ ಆ ಐದು ಮಾತೂ ನಲವತ್ತು ಜನಕ್ಕೂ ಒಂದಕ್ಷರ ತಪ್ಪದಂಗೆ ಕೇಳಿಸಿದ್ದು.

ಒಂದನೇದು ಬೋಸುಡಿ, ಅದು ದಿನದ್ದು. ಎರಡನೇದು ಲಂಜಾ, ತೆಲುಗಲ್ಲಿ, ಎಳೆದು ಅಂದ. ಮೂರನೇದು ನಮ್ಮ ಜಾತಿ, ಅದರ ಹಿಂದೆ ಒಂದು ಬಾಲ ಕಟ್ಟಿ. ನಾಲ್ಕನೇದು ನಾವು ಏನು ತಿಂತೀವಿ, ಅವನು ನಮಗೆ ಏನು ತಿನ್ನಿಸ್ತಾನೆ ಅನ್ನೋದು. ಇಷ್ಟಕ್ಕೆ ನಿಲ್ಲಿಸಿದ್ರೆ ನಾನು ಸುಮ್ನೆ ಇರ್ತಿದ್ನೇನೋ, ಗೊತ್ತಿಲ್ಲ. ಐದನೇದು ನಮ್ಮವ್ವನ ಮ್ಯಾಲೆ ಅಂದ. ಸತ್ತೋಳ ಮ್ಯಾಲೆ.

ಎದ್ದೆ. ಮಡಿಲಲ್ಲಿದ್ದ ಬೀಜನೆಲ್ಲಾ ಅವನ ಕಾಲ ಮ್ಯಾಲೆ ಕೊಡವಿದೆ. ಹೊಡೀಲಿಲ್ಲ. ಹೊಡೀಬೇಕಿತ್ತು ಅಂತ ಇವತ್ತಿಗೂ ಕೈ ಕಡೀತದೆ. ಸೀದಾ ಗೇಟ್ ದಾಟಿ ಆಚೆ ಬಂದ್ಬುಟ್ಟೆ.

ಮನೇಲಿ ನನ್ನ ಗಂಡ ಓಬುಳಪತಿ ನಡೆದಿದ್ದು ಕೇಳ್ಕೊಂಡು, "ಬೈಗುಳ ಏನ್ ಮೈಗೆ ಅಂಟ್ಕೊಂತದೇನೇ? ಮುಖ ತೊಳ್ಕೊ ಹೋಗು" ಅಂದ. ತೊಳ್ಕೊಂಡೆ. ಹೋಗ್ಲಿಲ್ಲ.

ನಮ್ಮ ಕೇರಿ ಚೌಡಣ್ಣ ಸರ್ಕಾರಿ ಹಾಸ್ಟೆಲ್ಲಲ್ಲಿ ಅಡುಗೆ ಮಾಡೋನು. ಅವನು ನಾಲ್ಕು ಕಡೆ ಕೇಳ್ಕೊಂಡು ಬಂದು ಹೇಳಿದ: "ಓಬಕ್ಕ, ಜಾತಿ ಹಿಡಿದು ಬೈದ್ರೆ ಪಿ.ಸಿ.ಆರ್. ಕೇಸು ಆಯ್ತದೆ. ಆದ್ರೆ ಅವನು ಏನಂದ ಅನ್ನೋದೇ ಕೇಸು. ಆ ಮಾತು ಅಂದಂಗೇ ಕಾಗದದ ಮ್ಯಾಲೆ ಬೀಳ್ಬೇಕು. ಬೀಳ್ಲಿಲ್ಲ ಅಂದ್ರೆ ಮೊದಲ್ನೇ ವಾಯ್ದೆಗೇ ಕೇಸು ಹೊಡೆದಾಕ್ತಾರೆ."

ಆಯ್ತಪ್ಪ, ಬೀಳಿಸೋಣ ಅಂದೆ. ಅದೇನು ಮಹಾ, ಅವನು ಬಾಯಿಂದ ಬೀಳಿಸಿದ್ದನ್ನ ಇವರು ಪೆನ್ನಿಂದ ಬೀಳಿಸಿದ್ರೆ ಆಯ್ತು ಅಂದ್ಕೊಂಡೆ.

ಮಿಲ್ಲಿನ ಗುಮಾಸ್ತ ಶ್ರೀರಾಮುಲು. ಹಿಂದೂಪುರ ಕಡೆಯೋನು, ನೇಯ್ಗೆಯೋರು. ಮಗ್ಗ ನಿಂತೋಗಿ ಇಲ್ಲಿ ತಕ್ಕಡಿ ಹಿಡಿಯೋಕೆ ಬಂದಿದ್ದ. ಒಳ್ಳೆಯೋನು. ಕದ್ದು ಒಂದು ಅರ್ಜಿ ಬರ್ಕೊಡ್ತೀನಿ ಬಾ ಅಂದ. ನಾನು ನಾಲ್ಕು ಮಾತು ಹೇಳ್ದೆ. ಅವನು ಎರಡು ಗೆರೆ ಬರೆದು ಓದಿದ. "ಅಸಭ್ಯಂಗಾ ಮಾಟ್ಲಾಡಿನಾರು" ಅಂತಿತ್ತು. ಅಸಭ್ಯವಾಗಿ ಮಾತಾಡಿದ್ರು ಅಂತೆ. ಅದೂ ಬಹುವಚನ.

"ಎಲ್ಲಣ್ಣ ಆ ಮಾತು?"

"ಹಂಗೆಲ್ಲಾ ಬರೆಯೋಕಾಯ್ತದೇನಮ್ಮ? ಚೌಡೇಶ್ವರಿಗೆ ಪೂಜೆ ಮಾಡೋ ಕೈ ಇದು."

"ಆ ಕೈಲಿ ಬ್ಯಾಡ ಬಿಡು. ಎಡಗೈಲಿ ಬರಿ."

ಶ್ರೀರಾಮುಲು ಪೆನ್ನು ಮುಚ್ಚಿಟ್ಟ. ನಾನು ಬಾಯಲ್ಲೇ ಹೇಳ್ತೀನಿ ಅಂತ ಟೇಷನ್ನಿಗೆ ಹೋದೆ.

ರೈಟರ್ ಮೀಸೆ ಬೆಳ್ಳಗಿದ್ದ ವಯಸ್ಸಾದ ಮನುಷ್ಯ. "ಏಮ್ಮಾ, ಏಮನಿ ತಿಟ್ಟಿನಾಡು?" ಅಂದ. ಏನಂತ ಬೈದ ಅಂತ ಅವನೇ ಕೇಳಿದ್ದು, ನಾನು ಹೇಳ್ದೆ. ಅವನು ಕಿವಿ ಮುಚ್ಚಿಕೊಳ್ಳೋದೊಂದು ಬಾಕಿ. ಆಮೇಲೆ ಬರೆದ: "ನೋಟಿಕೊಚ್ಚಿನಟ್ಟು ತಿಟ್ಟಿನಾಡು." ಬಾಯಿಗೆ ಬಂದಂಗೆ ಬೈದ.

"ಬಾಯಿಗೆ ಏನು ಬಂತು ಅಂತ ಹೇಳಿದೀನಲ್ಲ ಸಾರ್. ಅದನ್ನ ಬರೀರಿ."

"ಇದು ಸರ್ಕಾರಿ ಪುಸ್ತಕ ಕಣಮ್ಮ. ಇಂದುಲೋ ಬೂತುಲು ರಾಯಕೂಡದು."

ಇದರಲ್ಲಿ ಹೊಲಸು ಬರೀಬಾರ್ದಂತೆ. ನಲವತ್ತು ಜನರ ಮುಂದೆ ನನ್ನ ಮುಖಕ್ಕೆ ಅನ್ನಬಹುದು. ಗೆರೆ ಎಳೆದ ಕಾಗದಕ್ಕೆ ಮೈಲಿಗೆ ಆಯ್ತದೆ. ನನ್ನ ಮುಖಕ್ಕಿಂತ ಆ ಕಾಗದ ದೊಡ್ಡ ಜಾತಿ.

ಎರಡು ದಿನ ಟೇಷನ್ ಮೆಟ್ಟಿಲ ಮ್ಯಾಲೆ ಕೂತೆ. ಕೂರೋದು ನನಗೆ ಅಭ್ಯಾಸ ಇದ್ದಿದ್ದೇ. ಮಧ್ಯೆ ಶಿವಯೋಗಪ್ಪನೂ ಬಂದ. ಒಂದು ಮೂಟೆ ಕಡ್ಲೆಬೀಜ ನಾನು ಕದ್ದೆ ಅಂತ ಎದುರು ಕಂಪ್ಲೇಂಟು ಕೊಡೋಕೆ. ರೈಟರ್ ಪೆನ್ನು ತಗೊಂಡು, "ಪೇರೇಮಿ?" ಅಂತ ನನ್ನ ಹೆಸರು ಕೇಳಿದ. ಶಿವಯೋಗಪ್ಪ ಸೂಲಗಿತ್ತಿ ಮಗಳು ಅಂದ. ಆ ಕೇರಿಯೋಳು ಅಂದ. ಇಗೋ, ಮೆಟ್ಟಿಲ ಮ್ಯಾಲೆ ಕೂತವ್ಳಲ್ಲ, ಅವ್ಳೇ ಅಂದ. ಹನ್ನೊಂದು ವರ್ಷ ದುಡಿಸ್ಕೊಂಡೋನಿಗೆ ನನ್ನ ಹೆಸರು ಗೊತ್ತಿರ್ಲಿಲ್ಲ. ಮೂರು ದಿನದ ಹಿಂದೆ ನಾನೇ ಹೇಳಿದ್ದೆ, ಅದೂ ತಲೇಲಿ ಉಳಿದಿರ್ಲಿಲ್ಲ. ಶ್ರೀರಾಮುಲುನ ಕೇಳ್ಕೊಂಡು ಬತ್ತೀನಿ ಅಂತ ಹೋದೋನು ತಿರುಗಿ ಬರ್ಲಿಲ್ಲ. ಎಸ್.ಐ. ಒಳಗಿಂದ ನೋಡ್ತಿದ್ರು. "ಬಿಡಯ್ಯಾ, ಆ ಹೆಂಗಸು ಹೇಳಿದ್ದು ಹೇಳಿದಂಗೆ ಬರ್ಕೊ, ಎದ್ದು ಹೋಗ್ಲಿ" ಅಂದ್ರು.

ರೈಟರ್ ಬರ್ಕೊಂಡ. ಒಂದು. ಎರಡು. ಮೂರು. ಒಂದೊಂದಕ್ಕೂ ಬೆವರು ಒರೆಸಿಕೊಂಡ. ನಾಲ್ಕು ಆಗೋ ಹೊತ್ತಿಗೆ ಅವನ ಕಿವಿ ಕೆಂಪಗಾಗಿತ್ತು. "ಇಂಕಾ ಉಂದಾ?" ಅಂದ. ಇನ್ನೊಂದೈತೆ ಸಾರ್ ಅಂದೆ. ಅವನು ಕೈ ಮುಗಿದ್ಬುಟ್ಟ. "ಚಾಲು ತಲ್ಲೀ." ಸಾಕು ತಾಯಿ ಅಂತ ಹೇಳಿ, ನಾಲ್ಕರ ಮುಂದೆ "ವಗೈರಾ" ಅಂತ ಬರೆದು ಗೆರೆ ಎಳೆದ.

ಐದನೇದು ವಗೈರಾದೊಳಗೆ ಹೋಯ್ತು. ಅವತ್ತು ನನಗೂ ಸಮಾಧಾನವೇ ಆಯ್ತು. ಮಿಕ್ಕಿದ್ದು ನನ್ನ ಮ್ಯಾಲಿನ ಮಾತು, ಹೆಂಗೋ ಅಂದ್ಬುಡ್ತಿದ್ದೆ. ನಮ್ಮವ್ವನ ಮ್ಯಾಲಿನ ಮಾತು ನನ್ನ ಬಾಯಲ್ಲೇ ಹೆಂಗೆ ಆಡ್ಲಿ? ಆಮೇಲೆ ಯಾರು ಕೇಳಿದ್ರೂ ನಾಲ್ಕೇ ಹೇಳ್ದೆ. ವಗೈರಾ ಏನು ಅಂತ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಗಂಡನಿಗೂ ಹೇಳ್ಲಿಲ್ಲ.

ಸಾಕ್ಷಿ ಹೇಳೋಕೆ ನಲವತ್ತರಲ್ಲಿ ಉಡುಸಲಮ್ಮಕ್ಕ ಒಬ್ಬಳೇ ಒಪ್ಪಿದ್ದು. ಮಿಕ್ಕಿದೋರು, "ಅವನ ಮಾತೇ ಹಂಗೆ ಕಣೇ, ನಿನ್ನೊಬ್ಬಳಿಗೇನ್ ಹೊಸದಾ?" ಅಂದ್ರು. ಶ್ರೀರಾಮುಲು ತಕ್ಕಡಿ ಮುಳ್ಳು ನೋಡ್ತಿದ್ನಂತೆ, ಕೇಳಿಸ್ಲಿಲ್ವಂತೆ. ತಕ್ಕಡಿ ಮುಳ್ಳು ನೋಡೋಕೆ ಕಿವಿ ಯಾಕೆ ಬೇಕೋ. ಸಾವ್ಕಾರನ ಕಡೆಯೋರು ರಾಜಿಗೂ ಬಂದ್ರು. ಸಾವ್ಕಾರ್ರು ಒಳಗೆ ಆಫೀಸಲ್ಲಿ ತಪ್ಪಾಯ್ತು ಅಂತಾರೆ, ಮುಗಿಸ್ಬುಡು ಅಂದ್ರು. ಒಳಗೆ ಬ್ಯಾಡ, ಮಿಷಿನ್ ನಿಲ್ಲಿಸಿ, ಬೀಜದ ರಾಶಿ ಹತ್ರ ನಿಂತು, ಒಂದು ಸಲ ಓಬಕ್ಕ ಅಂತ ಕರೀಲಿ ಸಾಕು ಅಂದೆ. ಅದು ಜಾಸ್ತಿ ಆಯ್ತು ಅಂತ ಎದ್ದೋದ್ರು.

ಒಂದು ವರ್ಷ ಕಳೆದು ಕೇಸು ಕೂಗಿದ್ರು. ಶಿವಯೋಗಪ್ಪ ಹಿಂದೂಪುರದಿಂದ ವಕೀಲ್ರನ್ನ ಕರೆಸಿದ್ದ. ತಾನು ಏನೂ ಅಂದೇ ಇಲ್ಲ, ಕೆಲಸಕ್ಕೆ ಏಳಮ್ಮ ಅಂದೆ ಅಷ್ಟೇ ಅಂತ ಬರೆದು ಕೊಟ್ಟಿದ್ದ. ಏಳಮ್ಮ ಅಂತೆ! ಅವನ ಜೊತೆ ಅವನ ತಾಯಿ ಕರಿಬಸಮ್ಮನೂ ಬಂದಿದ್ಳು. ಎಂಬತ್ತರ ಹತ್ರ ವಯಸ್ಸು, ಹಣೆ ತುಂಬ ವಿಭೂತಿ. ಮಗನ್ನ ಜೈಲಿಗೆ ಹಾಕ್ಬುಡ್ತಾರೇನೋ ಅಂತ ಹಿಂದಿನ ಬೆಂಚಲ್ಲಿ ಕೂತು ಬಾಯಲ್ಲೇ ಏನೋ ಮಣಮಣ ಅಂತಿದ್ಳು. ಮಿಲ್ಲಿಂದ ಹನ್ನೊಂದು ಜನ ಹೆಂಗಸ್ರು ಬಂದಿದ್ರು. ಸಾಕ್ಷಿ ಹೇಳಲ್ಲ, ಆದ್ರೆ ನೋಡೋಕೆ ಬತ್ತೀವಿ ಅಂದಿದ್ರು.

ನಾನು ಕಟಕಟೆ ಹತ್ತಿದೆ. ಸರ್ಕಾರಿ ವಕೀಲ್ರು, "ಏನಂತ ಬೈದ್ರು, ಹೇಳು" ಅಂದ ತಕ್ಷಣ ಜಡ್ಜಿ ಕೆಳಗೆ ಕೂತಿದ್ದ ಗುಮಾಸ್ತ ಎದ್ದು ನಿಂತು, "ಲೇಡೀಸೆಲ್ಲಾ ಆಚೆ ಹೋಗಿ" ಅಂದ. ಅಲ್ಲಿ ಹಂಗೇ ಪದ್ಧತಿಯಂತೆ. ಕೆಟ್ಟ ಮಾತು ಬರೋ ಹೊತ್ತಿಗೆ ಹೆಂಗಸ್ರನ್ನ ಆಚೆ ಕಳಿಸ್ತಾರೆ. ಹನ್ನೊಂದು ಜನವೂ ಸೆರಗು ಸರಿ ಮಾಡ್ಕೊಂಡು ಎದ್ರು. ಕರಿಬಸಮ್ಮನೂ ಬೆಂಚು ಹಿಡ್ಕೊಂಡು ಎದ್ದಳು. ನಾನೂ ಕಟಕಟೆಯಿಂದ ಇಳಿದೆ.

"ನೀನೆಲ್ಲಿ ಹೋಗ್ತೀಯಮ್ಮ?" ಅಂದ್ರು ಜಡ್ಜಿ. ಅವರಿಗೆ ಕನ್ನಡ ಚೆನ್ನಾಗಿ ಬತ್ತಿತ್ತು.

"ಹೆಂಗಸ್ರು ಆಚೆ ಹೋಗಿ ಅಂದ್ರಲ್ಲ ಸ್ವಾಮಿ. ನಾನೂ ಹೆಂಗಸೇ."

ಜಡ್ಜಿ ನನ್ನ ನೋಡಿದ್ರು. ಗುಮಾಸ್ತನ್ನ ನೋಡಿದ್ರು. "ಎಲ್ಲರೂ ಕೂತ್ಕೊಳ್ಳಿ" ಅಂದ್ರು. ಕೂತ್ಕೊಂಡ್ರು.

ಎಂಟನೇ ಸಲ ನಾಲ್ಕು ಮಾತು ಹೇಳ್ದೆ. ಅಷ್ಟೊತ್ತಿಗೆ ಬಾಯಿಗೆ ಅಭ್ಯಾಸ ಆಗಿತ್ತು, ಬಸ್ಸಿನ ಕಂಡಕ್ಟ್ರು ಊರು ಕೂಗ್ತಾನಲ್ಲ ಹಂಗೆ ಬಂದ್ವು. ಹಿಂದೂಪುರದ ವಕೀಲ್ರು ಎದ್ದು, ಇವೆಲ್ಲಾ ಯಾರೋ ಹೇಳ್ಕೊಟ್ಟ ಮಾತು, ಎಲ್ಲಾ ಕೇಸಲ್ಲೂ ಇವೇ ನಾಲ್ಕು ಇರ್ತವೆ, ನನ್ನ ಕಕ್ಷಿದಾರರು ಇಂಥ ಒಂದು ಮಾತೂ ಆಡಿದೋರಲ್ಲ ಅಂದ್ರು. ಶಿವಯೋಗಪ್ಪ ಎದುರು ನಿಂತು ಕೈ ಕಟ್ಕೊಂಡು ತಲೆ ಆಡಿಸ್ತಿದ್ದ. ಪಾಪದೋನ ಥರ ಇದ್ದ. ಕೇಸು ಬಿದ್ದೋಯ್ತು ಅಂತ ನನಗೆ ಅನ್ನಿಸ್ಬುಡ್ತು.

ಜಡ್ಜಿ ಮಾತ್ರ ಆ ಟೇಷನ್ ಕಾಗದ ಕೈಯಲ್ಲಿ ಹಿಡ್ಕೊಂಡೇ ಇದ್ರು. ಕನ್ನಡಕ ಮ್ಯಾಲೆ ಮಾಡಿ ಓದಿದ್ರು.

"ಇಲ್ಲಿ ವಗೈರಾ ಅಂತ ಬರ್ದಿದ್ದಾರೆ. ವಗೈರಾ ಅಂದ್ರೆ ಏನಮ್ಮ?"

"ಇನ್ನೊಂದು ಮಾತೈತೆ ಸ್ವಾಮಿ."

"ಯಾರಿಗಾದರೂ ಹೇಳಿದೀಯಾ?"

"ಇಲ್ಲ ಸ್ವಾಮಿ. ಯಾರಿಗೂ ಹೇಳಿಲ್ಲ. ಎಲ್ಲೂ ಬರ್ದಿಲ್ಲ."

"ಏನದು? ಹೇಳು."

ನಾನು ಸೆರಗಲ್ಲಿ ಬಾಯಿ ಒರೆಸ್ಕೊಂಡೆ. ಅಷ್ಟರಲ್ಲಿ ಶಿವಯೋಗಪ್ಪ ಕೈ ಮುಗಿದ.

"ಸ್ವಾಮಿ, ಅದೊಂದು ಬ್ಯಾಡಿ. ನಮ್ಮವ್ವ ಕೂತವ್ಳೆ."

ಹಿಂದೂಪುರದ ವಕೀಲ್ರು ಅವನ ಕಡೆ ತಿರುಗಿದ್ರು. ಅವರ ಮುಖ ನೋಡಬೇಕಿತ್ತು ನೀವು. ಕರೆಂಟು ಹೋದಾಗ ಮಿಲ್ಲು ಹೆಂಗಿತ್ತೋ ಹಂಗೇ ಇತ್ತು ಕೋರ್ಟು.

ಜಡ್ಜಿ ಪೆನ್ನು ಕೆಳಗಿಟ್ರು. "ಅದೊಂದು ಅಂದ್ರೆ ಯಾವುದ್ರೀ? ಆ ಹೆಂಗಸು ಇನ್ನೂ ಬಾಯಿ ಬಿಟ್ಟಿಲ್ಲ. ಕಾಗದದಲ್ಲೂ ಇಲ್ಲ. ನಿಮಗೆ ಹೆಂಗೆ ಗೊತ್ತು?"

ಶಿವಯೋಗಪ್ಪ ತನ್ನ ವಕೀಲ್ರ ಕಡೆ ನೋಡಿದ. ಆ ಬಾಯಿಗೆ ಏನೂ ಬರದೇ ಇದ್ದಿದ್ದು ನಾನು ನೋಡಿದ್ದು ಅದೊಂದೇ ಸಲ.

ಪೆನ್ನು ಎತ್ಕೊಂಡ್ರು ಜಡ್ಜಿ. "ಈಗ ಆರೋಪಿ ಅಂದಿದ್ದನ್ನೂ ಬರ್ಕೊಳ್ಳಿ" ಅಂತ ಗುಮಾಸ್ತನಿಗೆ ಹೇಳಿ, ನನ್ನ ಕಡೆ ತಿರುಗಿದ್ರು. "ಹೇಳಮ್ಮ."

ಹಿಂದಿನ ಬೆಂಚಲ್ಲಿ ಕರಿಬಸಮ್ಮ ಕಿವಿ ಹತ್ರ ಕೈ ಇಟ್ಕೊಂಡು ನನ್ನೇ ನೋಡ್ತಿದ್ಳು. ಮುದುಕಿ. ನನಗೆ ಅವ್ಳ ಮ್ಯಾಲೆ ಏನೂ ಸಿಟ್ಟಿಲ್ಲ. ಒಂದು ಗಳಿಗೆ ಅಯ್ಯೋ ಅನ್ನಿಸ್ತು. ಆದ್ರೆ ಅವನವ್ವ ಕೇಳಬಾರ್ದ ಮಾತನ್ನ ನಮ್ಮವ್ವನ ಮ್ಯಾಲೆ ಯಾಕೆ ಅನ್ನಬೇಕಿತ್ತು? ನಮ್ಮವ್ವನೂ ಅವ್ವನೇ ಅಲ್ವಾ?

ಹೇಳ್ದೆ.

"'ನಿಮ್ಮವ್ವ ಮಾರಿ ಮನೆಮನೆಗೂ ಹೋಯ್ತಿದ್ದಿದ್ದು ಹೆರಿಗೆ ಮಾಡೋಕಲ್ಲ ಕಣೇ, ಮಲಗೋಕೆ' ಅಂದ್ರು ಸ್ವಾಮಿ."

ಮಾರೆಕ್ಕ ಅನ್ನೋ ಹೆಸರು ಅವನಿಗೆ ಗೊತ್ತಿತ್ತು ನೋಡಿ. ಮುರಿದು ಬಳಸೋಕೆ.

ಕರಿಬಸಮ್ಮ ಬೆಂಚು ಹಿಡ್ಕೊಂಡು ಎದ್ದು ನಿಂತ್ಳು. ಕೋರ್ಟಲ್ಲಿ ಮಾತಾಡಬಾರ್ದು ಅಂತ ಅವ್ಳಿಗೆ ಯಾರು ಹೇಳಿದಾರು? "ನಮ್ಮ ಮನೆಗೂ ಬಂದಿದ್ಳಲ್ಲೋ ಅವ್ಳು" ಅಂದ್ಳು ಮಗನಿಗೆ. "ಎರಡು ದಿನ ಎರಡು ರಾತ್ರಿ ನನ್ನ ಕಾಲ ಹತ್ರ ಕೂತಿದ್ಳಲ್ಲೋ. ನೀನು ಅಡ್ಡ ತಿರುಗಿದ್ದೆ." ಪೊಲೀಸಪ್ಪ ಅವ್ಳನ್ನ ಕೂರಿಸೋಕೆ ಹೋದ. ಅವ್ಳು ಕೂರ್ಲಿಲ್ಲ. ಮಗ ಇತ್ತ ತಿರುಗ್ಲಿಲ್ಲ.

ನಾನು ಹೇಳಿದ್ದೆಲ್ಲಾ ಬರೆದಾದ ಮ್ಯಾಲೆ, ನನಗೆ ಓದಿ ಹೇಳಿ ಹೆಬ್ಬೆಟ್ಟು ಹಾಕಿಸ್ಕೋಬೇಕು ಅಂತ ಕಾನೂನು. ಗುಮಾಸ್ತ ಓದಿದ. ನಾಲ್ಕು ಮಾತನ್ನ ಮೂಗಲ್ಲಿ ಓದಿದ. ಐದನೇದು ಬಂದಾಗ ಗಂಟ್ಲು ಸರಿ ಮಾಡ್ಕೊಂಡು, ಏನೋ ಗೊಣಗಿ, ಮುಂದಿನ ಗೆರೆಗೆ ಹೋಗ್ಬುಟ್ಟ. ಮಸಿಯ ಡಬ್ಬಿ ನನ್ನ ಮುಂದೆ ತಳ್ಳಿ, "ಸರಿಯಾಗಿದೆಯಾ? ಒತ್ತಮ್ಮ" ಅಂದ.

ನಾನು ಕೈ ಹಿಂದಕ್ಕೆ ಕಟ್ಕೊಂಡೆ.

"ಆ ಗೆರೆ ಇನ್ನೊಂದು ಸಲ ಓದಿ ಸ್ವಾಮಿ" ಅಂದೆ. "ಗಟ್ಟಿಯಾಗಿ ಓದಿ. ಹಿಂದಿನ ಬೆಂಚಿಗೂ ಕೇಳಿಸ್ಬೇಕು."

ಗುಮಾಸ್ತ ಜಡ್ಜಿ ಮುಖ ನೋಡಿದ. ಜಡ್ಜಿ ತಲೆ ಆಡಿಸಿದ್ರು.

ಓದಿದ.